ಅಲೆ ಅಡಗಿದ ಜಾಗ: ಉಪಗ್ರಹಕ್ಕೆ ಕಾಣುವ ಕಡಲ ಎಣ್ಣೆ

2006ರ ಮೇ 30ರಂದು ಕಾರವಾರದ ಎದುರಿನ ಆಯ್ಸ್ಟರ್ ಬಂಡೆಗಳಿಗೆ ‘ಓಷನ್ ಸೆರಾಯಾ’ ಎಂಬ ಸರಕು ಹಡಗು ಹೋಗಿ ಬಡಿಯಿತು. ಮುಂಗಾರು ಕಾಲಿಡುತ್ತಿದ್ದ ಹೊತ್ತು. ಹಡಗಿನ ಹೊಟ್ಟೆಯಲ್ಲಿ ಸುಮಾರು 650 ಟನ್ ಇಂಧನ ತೈಲವಿತ್ತು. ಅಲೆಗಳ ಹೊಡೆತಕ್ಕೆ ಹಡಗು ಬಿರಿಯಿತು. ಎಣ್ಣೆ ಕಾರವಾರದ ಮರಳಿಗೆ ಮೆತ್ತಿಕೊಂಡಿದ್ದಷ್ಟೇ ಅಲ್ಲ, ಗಡಿ ದಾಟಿ ಗೋವಾದ ಪೋಳೆಂ, ಗಾಲ್ಜಿಬಾಗ್ ತೀರಗಳಿಗೂ ಹೋಯಿತು. ಗಾಲ್ಜಿಬಾಗ್ ಎಂದರೆ ಕಡಲಾಮೆಗಳು ಮೊಟ್ಟೆಯಿಡಲು ಬರುವ ದಂಡೆ.

ಆಗ ಭಾರತದ ಬಳಿ ಭೂಮಿಯ ಚಿತ್ರ ತೆಗೆಯುವ ಉಪಗ್ರಹಗಳು ಬೇಕಾದಷ್ಟಿದ್ದವು. ಆದರೆ ಅವೆಲ್ಲ ಬಿಸಿಲಿನ ಬೆಳಕನ್ನು ನಂಬಿದ ಕ್ಯಾಮೆರಾಗಳು. ಜೂನ್ ತಿಂಗಳ ಕರಾವಳಿಯ ಮೇಲೆ ಅವು ಹಾದುಹೋದರೆ ಕಾಣುವುದು ಮೋಡದ ಬೆನ್ನು ಮಾತ್ರ. ಮೋಡವನ್ನೂ ಇರುಳನ್ನೂ ಲೆಕ್ಕಿಸದೆ ನೋಡಬಲ್ಲ ರಾಡಾರ್ ಉಪಗ್ರಹ ನಮ್ಮದೆನ್ನುವುದು ಒಂದೂ ಇರಲಿಲ್ಲ. ಈಗ ಇದೆ, ಒಂದಕ್ಕಿಂತ ಹೆಚ್ಚೇ ಇವೆ. ಹಾಗಾದರೆ ಅಂಥದೇ ಹಡಗು ಇಂದು ಅದೇ ಬಂಡೆಗೆ ಬಡಿದರೆ ಎಣ್ಣೆಯ ಜಾಡು ಆಕಾಶದಿಂದ ನಿಚ್ಚಳವಾಗಿ ಕಂಡೀತೇ? ಹೌದು ಎಂದುಬಿಡುವ ಮೊದಲು, ಈ ಉಪಗ್ರಹಗಳು ನಿಜಕ್ಕೂ ನೋಡುವುದೇನನ್ನು ಎಂದು ತಿಳಿದುಕೊಳ್ಳಬೇಕಾಗುತ್ತದೆ.

ಮೂಲ ಸಂಗತಿ ಉಪಗ್ರಹಗಳಿಗಿಂತ ಎಷ್ಟೋ ಹಳೆಯದು. 1757ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ದೊಡ್ಡದೊಂದು ಹಡಗುಪಡೆಯ ಜೊತೆ ಅಟ್ಲಾಂಟಿಕ್‌ನಲ್ಲಿ ಪಯಣಿಸುತ್ತಿದ್ದ. ಉಳಿದ ಹಡಗುಗಳ ಹಿಂದೆ ನೀರು ಕದಡಿಕೊಂಡಿದ್ದರೆ, ಎರಡು ಹಡಗುಗಳ ಹಿಂದೆ ಮಾತ್ರ ನುಣ್ಣಗೆ ಮಲಗಿತ್ತು. ಏಕೆಂದು ಕೇಳಿದಾಗ ಕ್ಯಾಪ್ಟನ್, ಅಡುಗೆಯವರು ಜಿಡ್ಡುನೀರು ಚೆಲ್ಲಿರಬೇಕು, ಇಷ್ಟೂ ಗೊತ್ತಿಲ್ಲವೇ ಎಂಬ ಧಾಟಿಯಲ್ಲಿ ಉತ್ತರ ಕೊಟ್ಟನಂತೆ. ಫ್ರಾಂಕ್ಲಿನ್ ಅದನ್ನು ಮರೆಯಲಿಲ್ಲ. ಮುಂದೆ ಲಂಡನ್ನಿನ ಕ್ಲಾಪಮ್ ಕೊಳದಲ್ಲಿ ಒಂದು ಚಮಚ ಎಣ್ಣೆ ಸುರಿದು, ಅರ್ಧ ಎಕರೆಯಷ್ಟು ನೀರು ಕನ್ನಡಿಯಂತಾದದ್ದನ್ನು ನೋಡಿ, 1774ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದ. ಹಡಗಿನಿಂದ ಚೆಲ್ಲಿದ ಜಿಡ್ಡನ್ನು ದೂರದಿಂದಲೇ, ನೀರಿನ ನುಣುಪಿನಿಂದಲೇ ಗುರುತಿಸಿದ ಕಥೆ ಇದು. ಇಂದು ಸುಮಾರು 700 ಕಿ.ಮೀ. ಎತ್ತರದಿಂದ ನಡೆಯುತ್ತಿರುವುದೂ ಇದೇ ಕೆಲಸ.

ಗಾಳಿ ಬೀಸಿದಾಗ ಕಡಲ ಮೈಮೇಲೆ ದೊಡ್ಡ ಅಲೆಗಳ ಜೊತೆಗೆ ಕೆಲವೇ ಸೆಂಟಿಮೀಟರ್ ಉದ್ದದ ಪುಟ್ಟ ತೆರೆಗಳೂ ಏಳುತ್ತವೆ. ರಾಡಾರ್ ಉಪಗ್ರಹ ಓರೆಯಾಗಿ ಮೈಕ್ರೋವೇವ್ ಕಿರಣಗಳನ್ನು ಕಳಿಸುತ್ತದೆ. ಅವುಗಳಲ್ಲಿ ಒಂದಿಷ್ಟನ್ನು ಮರಳಿ ಉಪಗ್ರಹದತ್ತ ಚದುರಿಸುವುದು ಈ ಪುಟ್ಟ ತೆರೆಗಳೇ. ಯುರೋಪಿನ ಸೆಂಟಿನೆಲ್-1 ಬಳಸುವ ಕಿರಣದ ತರಂಗಾಂತರ ಸುಮಾರು 5.6 ಸೆಂ.ಮೀ.; ತೆರೆಗಳ ಅಳತೆಗೂ ಅದಕ್ಕೂ ಹೊಂದಿಕೆಯಾಗುತ್ತದೆ. ಎಣ್ಣೆ ಬಿದ್ದ ಕಡೆ ಪುಟ್ಟ ತೆರೆಗಳು ಅಡಗಿಬಿಡುತ್ತವೆ, ಕೆದರಿದ ತಲೆಗೂದಲು ಎಣ್ಣೆ ಹಚ್ಚಿ ಬಾಚಿದಾಗ ಕೂರುವ ಹಾಗೆ. ಅಲ್ಲಿ ಕಿರಣ ಕನ್ನಡಿಗೆ ಬಿದ್ದ ಬೆಳಕಿನಂತೆ ಆಚೆಗೆ ಜಾರಿಹೋಗುತ್ತದೆ, ಉಪಗ್ರಹಕ್ಕೆ ಮರಳುವುದಿಲ್ಲ. ಚಿತ್ರದಲ್ಲಿ ಅದು ಕಪ್ಪು ಮಚ್ಚೆ.

ಎಂದರೆ ರಾಡಾರ್ ಎಣ್ಣೆಯನ್ನು ನೋಡುವುದೇ ಇಲ್ಲ. ಅದು ನೋಡುವುದು ಅಲೆ ಅಡಗಿದ ಜಾಗವನ್ನು. ಈ ವಿದ್ಯೆಯ ಬಲವೂ ತೊಡಕೂ ಈ ಒಂದು ಮಾತಿನಲ್ಲೇ ಇವೆ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತೇವಲ್ಲ, ರಾಡಾರ್ ಚಿತ್ರದಲ್ಲಿ ಕಪ್ಪಗಿರುವುದೆಲ್ಲ ಎಣ್ಣೆಯೂ ಅಲ್ಲ. ಗಾಳಿ ಸೆಕೆಂಡಿಗೆ ಎರಡು ಮೂರು ಮೀಟರಿಗಿಂತ ಮಂದವಾಗಿದ್ದರೆ ಇಡೀ ಕಡಲೇ ನುಣುಪು, ಚಿತ್ರವೆಲ್ಲ ಕಪ್ಪು. ಹತ್ತು ಹನ್ನೆರಡು ಮೀಟರಿಗಿಂತ ಜೋರಾದರೆ ಅಲೆಗಳು ಎಣ್ಣೆಯನ್ನು ನೀರಿನೊಳಗೆ ಕಲಸಿಬಿಡುತ್ತವೆ, ಮಚ್ಚೆಯೇ ಮಾಯ. ಗಾಳಿ ಹದವಾಗಿರುವ ದಿನವೂ ನಿರಾಳವಿಲ್ಲ. ದ್ವೀಪದ ಮರೆಯಲ್ಲಿ ಗಾಳಿ ತಗ್ಗಿದ ನೀರು, ಜೋರು ಮಳೆ ಬಿದ್ದ ಜಾಗ, ಆಳದಿಂದ ತಣ್ಣೀರು ಉಕ್ಕುವ ಕಡೆ, ಪಾಚಿ ಮತ್ತು ಮೀನಿನ ಮೈಯಿಂದ ಬಂದ ತೆಳು ಜಿಡ್ಡು, ಎಲ್ಲವೂ ಕಪ್ಪಗೇ ಕಾಣುತ್ತವೆ. ಸಾಲದ್ದಕ್ಕೆ ಸಮುದ್ರದ ತಳದಿಂದ ತಾನಾಗಿ ಜಿನುಗುವ ಕಲ್ಲೆಣ್ಣೆಯೂ ಇದೆ. ಮೆಕ್ಸಿಕೊ ಕೊಲ್ಲಿಯಲ್ಲಿ, ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾ ಬಳಿಯ ಕೋಲ್ ಆಯಿಲ್ ಪಾಯಿಂಟ್‌ನಲ್ಲಿ ಮನುಷ್ಯ ಬಾವಿ ಕೊರೆಯುವುದಕ್ಕೆ ಎಷ್ಟೋ ಮೊದಲಿಂದ ಎಣ್ಣೆ ಒಸರುತ್ತಲೇ ಇದೆ.

ಅದಕ್ಕೇ ಪಳಗಿದ ಕಣ್ಣು ಮಚ್ಚೆಗಿಂತ ಹೆಚ್ಚಾಗಿ ಅದರ ಅಂಚನ್ನೂ ಆಕಾರವನ್ನೂ ಓದುತ್ತದೆ. ಸಾಗುತ್ತಿರುವ ಹಡಗು ಸುರಿದ ಎಣ್ಣೆ ಗೆರೆ ಎಳೆದಂತೆ ಉದ್ದಕ್ಕಿರುತ್ತದೆ; ಒಂದು ತುದಿ ಚೂಪು, ಇನ್ನೊಂದು ತುದಿ ಹರಡಿ ಮಾಸಿರುತ್ತದೆ. ಚೂಪು ತುದಿಯಲ್ಲಿ ಬಿಳಿ ಚುಕ್ಕೆಯೊಂದು ಹೊಳೆಯುತ್ತಿದ್ದರೆ ಅದು ಹಡಗು. ಕಳ್ಳ ಮಾಲಿನ ಸಮೇತ ಸಿಕ್ಕಂತೆ. ತಳದ ಒಸರಾದರೆ ಒಂದೇ ಜಾಗದಿಂದ ಹುಟ್ಟುತ್ತದೆ, ವಾರ ಬಿಟ್ಟು ನೋಡಿದರೂ ಅಲ್ಲೇ ಇರುತ್ತದೆ.

ಈ ಪಳಗುವಿಕೆಗೆ ಬಹಳ ಕಾಲ ಹಿಡಿಯಿತು. ಕಡಲಿಗೆಂದೇ ಮೊದಲ ರಾಡಾರನ್ನು ಹೊತ್ತ ಅಮೆರಿಕದ ಸೀಸ್ಯಾಟ್ 1978ರ ಜೂನ್‌ನಲ್ಲಿ ಏರಿ, ಮೂರು ತಿಂಗಳು ಚಿಲ್ಲರೆ ಕೆಲಸ ಮಾಡಿ, ವಿದ್ಯುತ್ ದೋಷದಿಂದ ಸತ್ತಿತು. 1989ರ ಮಾರ್ಚ್‌ನಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೆಜ್ ಟ್ಯಾಂಕರಿನಿಂದ ಸುಮಾರು 37,000 ಟನ್ ಕಚ್ಚಾತೈಲ ಚೆಲ್ಲಿದಾಗ ಸೀಸ್ಯಾಟ್‌ನ ಜಾಗ ತುಂಬುವ ಉಪಗ್ರಹ ಇನ್ನೂ ಬಂದಿರಲಿಲ್ಲ. 1991ರಲ್ಲಿ ಯುರೋಪಿನ ಇಆರ್‌ಎಸ್-1, 1995ರಲ್ಲಿ ಕೆನಡಾದ ರಾಡಾರ್‌ಸ್ಯಾಟ್, 2002ರಲ್ಲಿ ಎನ್ವಿಸ್ಯಾಟ್ ಬಂದವು. ಅದೇ 2002ರ ನವೆಂಬರ್‌ನಲ್ಲಿ ಸ್ಪೇನಿನ ಗಲೀಸಿಯಾ ತೀರದಾಚೆ ಪ್ರೆಸ್ಟೀಜ್ ಟ್ಯಾಂಕರ್ ಒಡೆದು ಮುಳುಗುವ ಮೊದಲೇ, ಅದರ ಹಿಂದೆ ಉದ್ದಕ್ಕೆ ಬಿದ್ದಿದ್ದ ಎಣ್ಣೆಯ ಪಟ್ಟಿಯನ್ನು ಎನ್ವಿಸ್ಯಾಟ್ ಹಿಡಿದಿತ್ತು. ರಾಡಾರಿನ ಉಪಯೋಗ ಯುರೋಪಿನ ಅಧಿಕಾರಿಗಳಿಗೆ ಮನದಟ್ಟಾದದ್ದು ಇಂಥ ಚಿತ್ರಗಳಿಂದ.

ಇನ್ನು ಎಷ್ಟು ಎಣ್ಣೆ ಎಂಬ ಪ್ರಶ್ನೆ. ಕಪ್ಪು ಮಚ್ಚೆಯ ವಿಸ್ತಾರವನ್ನು ಚದರ ಕಿಲೋಮೀಟರಿನಲ್ಲಿ ಅಳೆಯಬಹುದು, ಆದರೆ ದಪ್ಪ ತಿಳಿಯದೆ ಪ್ರಮಾಣ ತಿಳಿಯುವುದಿಲ್ಲ. ಒಂದು ಲೆಕ್ಕ ನೋಡಿ: ಒಂದೇ ಒಂದು ಲೀಟರ್ ಎಣ್ಣೆ ಮಿಲಿಮೀಟರಿನ ಹತ್ತು ಸಾವಿರದ ಒಂದು ಪಾಲು ದಪ್ಪಕ್ಕೆ ಹರಡಿಕೊಂಡರೆ ಎರಡೂವರೆ ಎಕರೆ ನೀರನ್ನು ಮುಚ್ಚುತ್ತದೆ. ಅಷ್ಟು ತೆಳುವಾದ ಪದರಕ್ಕೂ ಪುಟ್ಟ ತೆರೆಗಳು ಅಡಗುತ್ತವೆ. ಹಾಗಾಗಿ ಕೊಡಪಾನದಷ್ಟು ಎಣ್ಣೆಯೂ ಬಾವಿಯಷ್ಟು ಎಣ್ಣೆಯೂ ರಾಡಾರಿಗೆ ಹೆಚ್ಚುಕಡಿಮೆ ಒಂದೇ ಕಪ್ಪು.

ವಿಮಾನದಿಂದ ನೋಡುವವರು ಬಣ್ಣವನ್ನು ನಂಬುತ್ತಾರೆ. ಉತ್ತರ ಸಮುದ್ರದ ದೇಶಗಳು ಬಾನ್ ಒಪ್ಪಂದದಡಿ ಇದಕ್ಕೊಂದು ಕೋಷ್ಟಕವನ್ನೇ ಮಾಡಿಕೊಂಡಿವೆ: ಬೆಳ್ಳಿಯಂಥ ಮಿರುಗು ಇದ್ದರೆ 0.04ರಿಂದ 0.3 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು), ಕಾಮನಬಿಲ್ಲಿನ ಬಣ್ಣವಾದರೆ 5 ಮೈಕ್ರಾನ್‌ವರೆಗೆ, ಲೋಹದ ಹೊಳಪಾದರೆ 50ರವರೆಗೆ, ಎಣ್ಣೆಯ ನಿಜಬಣ್ಣವೇ ಒಂದೇ ಸಮನೆ ಕಂಡರೆ 200ಕ್ಕಿಂತ ಹೆಚ್ಚು. ಮಳೆಗಾಲದಲ್ಲಿ ಪೆಟ್ರೋಲ್ ಬಂಕಿನ ಮುಂದಿನ ನೀರಿನಲ್ಲಿ ಕಾಮನಬಿಲ್ಲು ನೋಡಿದವರೆಲ್ಲ ಈ ಕೋಷ್ಟಕದ ಎರಡನೇ ಸಾಲನ್ನು ಕಂಡಿದ್ದಾರೆ. ಬೆಳಕು ಆಧರಿಸಿದ ಉಪಗ್ರಹಗಳೂ ಸ್ವಲ್ಪ ಮಟ್ಟಿಗೆ ಇದೇ ದಾರಿ ಹಿಡಿಯುತ್ತವೆ. ಸೂರ್ಯನ ಪ್ರತಿಬಿಂಬ ನೀರಿನ ಮೇಲೆ ಹರಡುವ ಕೋನದಲ್ಲಿ ಎಣ್ಣೆ ಬೆಳ್ಳಗೆ ಮಿಂಚುತ್ತದೆ, ಇಲ್ಲವೇ ಕಪ್ಪಾಗಿ ಎದ್ದು ಕಾಣುತ್ತದೆ. ನೂರಾರು ಬಣ್ಣದ ಪಟ್ಟಿಗಳಲ್ಲಿ ನೋಡುವ ಹೈಪರ್‌ಸ್ಪೆಕ್ಟ್ರಲ್ ಕ್ಯಾಮೆರಾ ದಪ್ಪ ಎಣ್ಣೆಯನ್ನು ತೆಳುವಿನಿಂದ ಬೇರ್ಪಡಿಸಬಲ್ಲದು. ಬೆಂಗಳೂರಿನ ಪಿಕ್ಸೆಲ್ ಕಂಪನಿ 2025ರ ಜನವರಿಯಲ್ಲಿ ಹಾರಿಸಿದ ಫೈರ್‌ಫ್ಲೈ ಉಪಗ್ರಹಗಳು ಈ ಜಾತಿಯವು. ಆದರೆ ಮೋಡ ಬಂದರೆ ಇವೆಲ್ಲ ಕುರುಡು.

ಎಷ್ಟು ಎಣ್ಣೆ ಎಂಬ ಜಗಳ ಬಹಿರಂಗವಾಗಿ ನಡೆದದ್ದು 2010ರಲ್ಲಿ, ಮೆಕ್ಸಿಕೊ ಕೊಲ್ಲಿಯಲ್ಲಿ. ಏಪ್ರಿಲ್ 20ರಂದು ಡೀಪ್‌ವಾಟರ್ ಹೊರೈಜನ್ ಎಂಬ ಬಾವಿ ಕೊರೆಯುವ ವೇದಿಕೆ ಸ್ಫೋಟಗೊಂಡು 11 ಮಂದಿ ಸತ್ತರು. ಎರಡು ದಿನಕ್ಕೆ ವೇದಿಕೆ ಮುಳುಗಿತು. ದಿನಕ್ಕೆ 1,000 ಬ್ಯಾರೆಲ್ ಸೋರುತ್ತಿದೆ ಎಂದು ಮೊದಲು ಹೇಳಲಾಯಿತು, ಕೆಲವೇ ದಿನಗಳಲ್ಲಿ ಅದು 5,000 ಆಯಿತು. (ಒಂದು ಬ್ಯಾರೆಲ್ ಎಂದರೆ ಸುಮಾರು 159 ಲೀಟರ್.) ವೆಸ್ಟ್ ವರ್ಜೀನಿಯಾದ ಸ್ಕೈಟ್ರುತ್ ಎಂಬ ಪುಟ್ಟ ಸಂಸ್ಥೆಯ ಜಾನ್ ಆಮೋಸ್ ಮತ್ತು ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಸಾಗರ ವಿಜ್ಞಾನಿ ಇಯಾನ್ ಮೆಕ್‌ಡೊನಾಲ್ಡ್ ಈ ಅಂಕಿಗಳನ್ನು ಒಪ್ಪಲಿಲ್ಲ. ಯಾರು ಬೇಕಾದರೂ ನೋಡಬಹುದಾಗಿದ್ದ ಉಪಗ್ರಹ ಚಿತ್ರ ಮತ್ತು ನಕ್ಷೆಗಳಿಂದ ಜಿಡ್ಡಿನ ವಿಸ್ತಾರ ಅಳೆದು, ತೀರಾ ಕನಿಷ್ಠ ದಪ್ಪವನ್ನು ಇಟ್ಟುಕೊಂಡು ಗುಣಿಸಿದರೂ, ದಿನಕ್ಕೆ 26,500 ಬ್ಯಾರೆಲ್‌ಗೆ ಕಡಿಮೆ ಬರಲು ಸಾಧ್ಯವಿಲ್ಲ ಎಂದರು. ಆಗಸ್ಟ್‌ನಲ್ಲಿ ಸರ್ಕಾರದ ತಜ್ಞರ ಗುಂಪು ಕೊಟ್ಟ ಅಂದಾಜು: ಆರಂಭದಲ್ಲಿ ದಿನಕ್ಕೆ 62,000, ಬಾವಿ ಮುಚ್ಚುವ ಹೊತ್ತಿಗೆ 53,000. ಒಟ್ಟು 49 ಲಕ್ಷ ಬ್ಯಾರೆಲ್. ನ್ಯಾಯಾಲಯ ಕೊನೆಗೆ ದಂಡದ ಲೆಕ್ಕಕ್ಕೆ 31.9 ಲಕ್ಷ ಎಂದು ಹಿಡಿಯಿತು. ಒಂದೇ ಬಾವಿ, ಒಂದೇ 87 ದಿನ. ಯಾವ ಅಂಕಿ ಹಿಡಿದರೂ ಮೊದಲು ಹೇಳಿದ್ದು ಅದರ ಹತ್ತಿರಕ್ಕೂ ಬರುವುದಿಲ್ಲ. ದಪ್ಪ ಗೊತ್ತಿಲ್ಲದ ಚಿತ್ರವೂ ಸುಳ್ಳಿಗೆ ಒಂದು ತಳಮಿತಿ ಹಾಕಬಲ್ಲದು ಎಂಬುದನ್ನು ಆ ಇಬ್ಬರು ತೋರಿಸಿಕೊಟ್ಟರು.

ಅದೇ ಚಿತ್ರಗಳನ್ನು ಹರಡಿಕೊಂಡು ಕೂತಿದ್ದ ಸ್ಕೈಟ್ರುತ್‌ಗೆ ಇನ್ನೊಂದು ಸಣ್ಣ ಜಿಡ್ಡು ಕಂಡಿತು. ಅದು ಹೊರೈಜನ್‌ಗೆ ಸಂಬಂಧಪಟ್ಟದ್ದಾಗಿರಲಿಲ್ಲ. 2004ರಲ್ಲಿ ಐವನ್ ಚಂಡಮಾರುತದ ಹೊತ್ತಿಗೆ ಕಡಲ ತಳ ಕುಸಿದು ಮಗುಚಿದ್ದ ಟೇಲರ್ ಎನರ್ಜಿ ಕಂಪನಿಯ ವೇದಿಕೆಯ ಬಾವಿಗಳು ಆರು ವರ್ಷಗಳಿಂದ ಸೋರುತ್ತಲೇ ಇದ್ದವು! ಕಂಪನಿಗೂ ಅಧಿಕಾರಿಗಳಿಗೂ ಗೊತ್ತಿದ್ದ, ಜನರಿಗೆ ಗೊತ್ತಿಲ್ಲದ ಸಂಗತಿ. ದಿನಕ್ಕೆ ಕೆಲವೇ ಗ್ಯಾಲನ್ ಎಂಬುದು ಕಂಪನಿಯ ವಾದವಾಗಿದ್ದರೆ, 2019ರ ಸರ್ಕಾರಿ ಅಧ್ಯಯನ ದಿನಕ್ಕೆ 9ರಿಂದ 108 ಬ್ಯಾರೆಲ್ ಎಂದಿತು. ಬಾವಿಯ ಮೇಲೆ ಎಣ್ಣೆ ಹಿಡಿಯುವ ಮುಚ್ಚಳ ಕೂತದ್ದು ಅದೇ ವರ್ಷ, ಹದಿನೈದು ವರ್ಷಗಳ ಬಳಿಕ.

ದೊಡ್ಡ ಅವಘಡಗಳು ಪತ್ರಿಕೆಯ ಮುಖಪುಟಕ್ಕೆ ಬರುತ್ತವೆ. ಉಪಗ್ರಹಗಳು ಹೊಸದಾಗಿ ತಿಳಿಸಿದ್ದು ಮುಖಪುಟಕ್ಕೆ ಬಾರದ್ದನ್ನು. ಚೀನಾದ ನಾನ್‌ಜಿಂಗ್ ಮತ್ತು ಅಮೆರಿಕದ ಫ್ಲಾರಿಡಾದ ವಿಜ್ಞಾನಿಗಳು ಸೇರಿ 2014ರಿಂದ 2019ರವರೆಗಿನ 5,63,705 ಸೆಂಟಿನೆಲ್-1 ಚಿತ್ರಗಳನ್ನು ಜಾಲಾಡಿ, 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಸಿಕ್ಕ ಎಣ್ಣೆಮಚ್ಚೆಗಳು ನಾಲ್ಕೂವರೆ ಲಕ್ಷ. ಕಡಲಿಗೆ ಸೇರುವ ಎಣ್ಣೆಯಲ್ಲಿ ಅರ್ಧಕ್ಕೆ ತುಸು ಕಡಿಮೆ ಪಾಲು ನಿಸರ್ಗದ ಒಸರಿನದು ಎಂಬ ಹಳೆಯ ಅಂದಾಜು ಬಹುಕಾಲ ಚಾಲ್ತಿಯಲ್ಲಿತ್ತು. ಈ ಅಧ್ಯಯನದ ಪ್ರಕಾರ ಮಚ್ಚೆಗಳಲ್ಲಿ ಶೇ 94ರಷ್ಟು ಮನುಷ್ಯನದೇ ಕೈವಾಡ. ಶೇ 90ರಷ್ಟು ಮಚ್ಚೆಗಳು ದಡದಿಂದ 160 ಕಿ.ಮೀ. ಒಳಗೇ ಇದ್ದವು. ಮಚ್ಚೆಗಳು ಒತ್ತೊತ್ತಾಗಿ ಸೇರಿದ 21 ಪಟ್ಟಿಗಳು ನಕ್ಷೆಯಲ್ಲಿ ಮೂಡಿದವು. ಅವು ಹಡಗುಮಾರ್ಗಗಳ ಪಡಿಯಚ್ಚು. ಒಂದು ಎಚ್ಚರ: ಅವರು ಲೆಕ್ಕ ಹಾಕಿದ್ದು ಮೇಲ್ಮೈಯಲ್ಲಿ ಹರಡಿದ ಜಿಡ್ಡನ್ನೇ ಹೊರತು ಟನ್ನುಗಳನ್ನಲ್ಲ. ಹಳೆಯ ಅಂದಾಜು ಟನ್ನಿನದು. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವಾಗ ಇದನ್ನು ಮರೆಯುವಂತಿಲ್ಲ. ಆದರೂ ಹನಿಗೂಡಿ ಹಳ್ಳವಾಗುವುದು ಎಲ್ಲಿ ಎಂಬುದಕ್ಕೆ ಇಷ್ಟು ಸ್ಪಷ್ಟ ನಕ್ಷೆ ಹಿಂದೆ ಇರಲಿಲ್ಲ.

ಹಡಗುಗಳು ಎಣ್ಣೆ ಸುರಿಯುವುದಾದರೂ ಏಕೆ? ಎಂಜಿನ್ ಕೋಣೆಯ ತಳದಲ್ಲಿ ಎಣ್ಣೆ ಬೆರೆತ ಕೊಳೆನೀರು ಸೇರುತ್ತಿರುತ್ತದೆ. ಮಾರ್ಪೋಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಅದನ್ನು ಸೋಸಿ, ಹತ್ತು ಲಕ್ಷ ಪಾಲಿಗೆ 15 ಪಾಲಿಗಿಂತ ಹೆಚ್ಚು ಎಣ್ಣೆ ಇಲ್ಲದಂತೆ ಮಾಡಿಯೇ ಹೊರಬಿಡಬೇಕು. ಇಲ್ಲವಾದರೆ ಬಂದರಿನಲ್ಲಿ ದುಡ್ಡು ಕೊಟ್ಟು ಒಪ್ಪಿಸಬೇಕು. ಇದನ್ನು ತಪ್ಪಿಸಿಕೊಳ್ಳಲು ಸೋಸುವ ಯಂತ್ರವನ್ನು ಬಳಸಿಹೋಗುವ ಕಳ್ಳಕೊಳವೆ ಜೋಡಿಸುವುದುಂಟು. ನಾವಿಕರ ಬಾಯಲ್ಲಿ ಅದು ‘ಮ್ಯಾಜಿಕ್ ಪೈಪ್’. ಇಂಥ ಪ್ರಕರಣದಲ್ಲಿ ಪ್ರಿನ್ಸೆಸ್ ಕ್ರೂಸಸ್ ಕಂಪನಿ 2016ರಲ್ಲಿ ಅಮೆರಿಕಕ್ಕೆ 4 ಕೋಟಿ ಡಾಲರ್ ದಂಡ ತೆರಲು ಒಪ್ಪಿತು. ಆ ಕಳ್ಳತನ ಬಯಲಿಗೆ ಬಂದದ್ದು ಉಪಗ್ರಹದಿಂದಲ್ಲ. ಹಡಗಿನಲ್ಲೇ ಇದ್ದ ಎಂಜಿನಿಯರ್ ಒಬ್ಬ ಬಾಯಿಬಿಟ್ಟದ್ದರಿಂದ.

ಕಾಣುವುದಕ್ಕೂ ಹಿಡಿಯುವುದಕ್ಕೂ ನಡುವೆ ಇರುವ ಈ ಕಂದಕವನ್ನು ಮುಚ್ಚಲು ಹೆಚ್ಚು ಬೆವರು ಸುರಿಸಿದ್ದು ಯುರೋಪ್. ಅಲ್ಲಿನ ಕಡಲ ಸುರಕ್ಷತಾ ಸಂಸ್ಥೆ 2007ರ ಏಪ್ರಿಲ್‌ನಿಂದ ‘ಕ್ಲೀನ್‌ಸೀನೆಟ್’ ಸೇವೆ ನಡೆಸುತ್ತಿದೆ. ಉಪಗ್ರಹ ಹಾದುಹೋದ ಅರ್ಧ ಗಂಟೆಯೊಳಗೆ ಆಯಾ ದೇಶಕ್ಕೆ ಸುದ್ದಿ ಮುಟ್ಟಬೇಕು ಎಂಬುದು ಅದರ ಪಣ. ಸುದ್ದಿ ಮುಟ್ಟಿದ ಮೇಲೆ ವಿಮಾನವೋ ದೋಣಿಯೋ ಹೋಗಿ ನೋಡಬೇಕು, ಮಾದರಿ ತೆಗೆಯಬೇಕು. ನ್ಯಾಯಾಲಯದಲ್ಲಿ ಕಪ್ಪು ಮಚ್ಚೆಯೊಂದೇ ಸಾಕ್ಷಿಯಾಗಿ ನಿಲ್ಲುವುದು ಕಷ್ಟ, ಅದು ಪಾಚಿಯೂ ಆಗಿರಬಹುದಲ್ಲ? ಎಣ್ಣೆಯೇ ಆದರೂ ಮಾರ್ಪೋಲ್ ಮಿತಿಯೊಳಗೆ ಬಿಟ್ಟದ್ದೋ ಮೀರಿದ್ದೋ ಎಂದು ಚಿತ್ರ ಹೇಳುವುದಿಲ್ಲ.

ಹಡಗಿನ ಹೆಸರು ಕಂಡುಹಿಡಿಯಲು ಈಗಿರುವ ಉಪಾಯ ಎಐಎಸ್. ದೊಡ್ಡ ಹಡಗುಗಳು ತಮ್ಮ ಗುರುತು, ಜಾಗ, ವೇಗಗಳನ್ನು ಸದಾ ಪ್ರಸಾರ ಮಾಡುತ್ತಿರಬೇಕು ಎಂಬುದು ನಿಯಮ. ಆ ಜಾಡನ್ನು ಮಚ್ಚೆಯ ಗೆರೆಯ ಮೇಲೆ ಇಟ್ಟು ನೋಡಿದರೆ ಯಾರು ಯಾವಾಗ ಅಲ್ಲಿದ್ದರು ಎಂದು ತಿಳಿಯುತ್ತದೆ. ಸ್ಕೈಟ್ರುತ್‌ನ ‘ಸೆರೂಲಿಯನ್’ ವ್ಯವಸ್ಥೆ ಇದನ್ನು ಯಂತ್ರಕಲಿಕೆಯಿಂದ ಮಾಡಿ ಯಾರು ಬೇಕಾದರೂ ನೋಡುವಂತೆ ಇಟ್ಟಿದೆ. ಕಳ್ಳನಿಗೂ ಇದು ಗೊತ್ತು. ಎಐಎಸ್ ಆರಿಸಿ ಸಾಗುವ ಹಡಗುಗಳು ದಿನೇ ದಿನೇ ಹೆಚ್ಚುತ್ತಿವೆ. 2024ರ ಫೆಬ್ರವರಿ 7ರಂದು ಕೆರಿಬಿಯನ್‌ನ ಟೊಬೇಗೊ ತೀರದಲ್ಲಿ ಮಗುಚಿದ ನಾವೆಯೊಂದು ಎಣ್ಣೆ ಕಕ್ಕುತ್ತ ಸಿಕ್ಕಿತು. ಸಿಬ್ಬಂದಿಯ ಸುಳಿವಿಲ್ಲ, ಯಾರದೆಂದು ಗೊತ್ತಿಲ್ಲ. ಅದು ‘ಗಲ್ಫ್‌ಸ್ಟ್ರೀಮ್’ ಎಂಬ ಬಾರ್ಜ್, ಅದನ್ನು ‘ಸೋಲೊ ಕ್ರೀಡ್’ ಎಂಬ ಟಗ್ ಎಳೆದು ತರುತ್ತಿತ್ತು ಎಂದು ತಿಳಿದುಬಂತು. ಉಪಗ್ರಹ ಚಿತ್ರಗಳಲ್ಲಿ ಆ ಜೋಡಿ ಸಾಗಿಬಂದ ದಾರಿಯನ್ನು ಬೆಲ್ಲಿಂಗ್‌ಕ್ಯಾಟ್ ಎಂಬ ತನಿಖಾ ಗುಂಪು ಹಿಂದಕ್ಕೆ ಹಿಂದಕ್ಕೆ ಹುಡುಕಿತು.

ಭಾರತಕ್ಕೆ ಬಂದರೆ, ಕಡಲಿನ ಎಣ್ಣೆ ನಿಭಾಯಿಸುವ ಹೊಣೆ ಕರಾವಳಿ ಕಾವಲು ಪಡೆಯದು. ಎಣ್ಣೆ ಎತ್ತ ಸಾಗೀತು ಎಂದು ಗಾಳಿ ಮತ್ತು ಪ್ರವಾಹದ ಲೆಕ್ಕದಿಂದ ಹೇಳುವುದು ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್. 2017ರ ಜನವರಿ 28ರ ನಸುಕಿನಲ್ಲಿ ಚೆನ್ನೈ ಬಳಿಯ ಎಣ್ಣೂರಿನ ಹೊರಗೆ ಎರಡು ಟ್ಯಾಂಕರ್‌ಗಳು ಡಿಕ್ಕಿ ಹೊಡೆದವು. ಮೊದಮೊದಲು ಸೋರಿಕೆ ಅತ್ಯಲ್ಪ ಎಂದೇ ಹೇಳಲಾಯಿತು. ಆಮೇಲೆ ಫರ್ನೇಸ್ ಆಯಿಲ್ ದಡಕ್ಕೆ ಬಂದು ಬಿದ್ದಾಗ ಸ್ವಯಂಸೇವಕರು ಅದನ್ನು ಬಕೆಟ್‌ಗಳಲ್ಲಿ ಮೊಗೆದರು. ಆ ಫೋಟೊಗಳನ್ನು ದೇಶವೆಲ್ಲ ನೋಡಿತು. ಎಣ್ಣೆಯ ದಾರಿ ಹೇಳುವ ಕಂಪ್ಯೂಟರ್ ಮಾದರಿಗೆ ಅದು ಎಷ್ಟು ಚೆಲ್ಲಿತು, ಎಲ್ಲಿಂದ ಹೊರಟಿತು ಎಂದು ಮೊದಲು ಹೇಳಿಕೊಡಬೇಕು. ಆ ಅಂಕಿಯೇ ತಪ್ಪಾದರೆ ಮುಂದಿನ ಲೆಕ್ಕವೆಲ್ಲ ತಪ್ಪು. ಉಪಗ್ರಹ ಚಿತ್ರದ ನಿಜವಾದ ಉಪಯೋಗ ಇಲ್ಲಿದೆ: ಮಾದರಿಯ ಕಿವಿ ಹಿಂಡಿ, ಎಣ್ಣೆ ಅಲ್ಲಿಲ್ಲ, ಇಲ್ಲಿದೆ ಎಂದು ತಿದ್ದುವುದು.

ಕೊಚ್ಚಿ ಬಳಿ 2025ರ ಮೇ 25ರಂದು ಮುಳುಗಿದ ಎಂಎಸ್‌ಸಿ ಎಲ್ಸಾ-3 ಹಡಗಿನಲ್ಲಿ 640ಕ್ಕೂ ಹೆಚ್ಚು ಕಂಟೇನರ್‌ಗಳೂ ಸುಮಾರು 367 ಟನ್ ಫರ್ನೇಸ್ ಆಯಿಲ್ ಕೂಡ ಇದ್ದವು. ಎಣ್ಣೆಯನ್ನು ಕಾವಲು ಪಡೆಯ ವಿಮಾನಗಳು ಬೆನ್ನಟ್ಟಿದವು. ಕಂಟೇನರ್‌ಗಳಿಂದ ಹೊರಬಿದ್ದು ಕೇರಳದ ದಡ ತುಂಬ ಚೆಲ್ಲಾಡಿದ ಸಾಬಕ್ಕಿಯಂಥ ಪ್ಲಾಸ್ಟಿಕ್ ಕಾಳುಗಳನ್ನು ಹುಡುಕಿಕೊಡುವ ಉಪಗ್ರಹ ಇರಲಿಲ್ಲ. ಹದಿನೈದೇ ದಿನಕ್ಕೆ, ಜೂನ್ 9ರಂದು, ವಾನ್ ಹೈ 503 ಹಡಗಿಗೆ ಬೆಂಕಿ ಬಿತ್ತು. ಪಾರಾದ 18 ನಾವಿಕರನ್ನು ನೌಕಾಪಡೆಯ ಐಎನ್‌ಎಸ್ ಸೂರತ್ ಮಂಗಳೂರಿಗೆ ಕರೆತಂದಿತು. ಎರಡೂ ಮುಂಗಾರಿನ ಮೋಡದಡಿ ನಡೆದವು.

ಅಂಥ ಮೋಡದಾಚೆ ನೋಡುವ ರೀಸ್ಯಾಟ್-1 ಭಾರತಕ್ಕೆ ಸಿಕ್ಕಿದ್ದು 2012ರ ಏಪ್ರಿಲ್‌ನಲ್ಲಿ, ಅದರ ಉತ್ತರಾಧಿಕಾರಿ ಇಒಎಸ್-04 2022ರ ಫೆಬ್ರವರಿಯಲ್ಲಿ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಏರಿದ ನಿಸಾರ್, ನಾಸಾದ ಎಲ್ ಬ್ಯಾಂಡ್ ಮತ್ತು ಇಸ್ರೊದ ಎಸ್ ಬ್ಯಾಂಡ್ ರಾಡಾರ್‌ಗಳೆರಡನ್ನೂ ಹೊತ್ತಿದೆ. ಅವುಗಳನ್ನು ಉಪಗ್ರಹಕ್ಕೆ ಕೂಡಿಸುವ ಕೆಲಸ ನಡೆದದ್ದು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ. ಅದು ಒಂದೇ ದಾರಿಗೆ ಮರಳುವುದು 12 ದಿನಕ್ಕೊಮ್ಮೆ. ಎಣ್ಣೆ ಅಷ್ಟು ಹೊತ್ತು ಕಾಯುವುದಿಲ್ಲ. ಹಾಗಾಗಿ ಒಂದು ಉಪಗ್ರಹದಿಂದ ಆಗುವ ಕೆಲಸ ಇದಲ್ಲ; ಸೆಂಟಿನೆಲ್-1ರ ಜೋಡಿಯಲ್ಲಿ ಒಂದು 2021ರ ಡಿಸೆಂಬರ್‌ನಲ್ಲಿ ಕೆಟ್ಟು ಕೂತಾಗ, 2024ರ ಡಿಸೆಂಬರ್‌ನಲ್ಲಿ ಬದಲಿ ಏರುವವರೆಗೆ, ಮೂರು ವರ್ಷ ಜಗತ್ತಿನ ಎಣ್ಣೆ ಹುಡುಕುವವರೆಲ್ಲ ಅರ್ಧ ಕಣ್ಣಿನಲ್ಲಿ ನೋಡಬೇಕಾಯಿತು. ಮುಳುಗುವ ಎಣ್ಣೆಯಂತೂ ಯಾವ ರಾಡಾರಿಗೂ ಕಾಣದು. 2024ರ ಡಿಸೆಂಬರ್‌ನಲ್ಲಿ ಕೆರ್ಚ್ ಜಲಸಂಧಿಯಲ್ಲಿ ಒಡೆದ ರಷ್ಯಾದ ಹಳೆಯ ಟ್ಯಾಂಕರ್‌ಗಳಲ್ಲಿದ್ದ ಮಜೂಟ್ ಎಂಬ ಭಾರದ ಇಂಧನ ತಣ್ಣೀರಿನಲ್ಲಿ ಗಟ್ಟಿಯಾಗಿ ಕೆಳಕ್ಕಿಳಿಯಿತು, ಆಮೇಲೆ ದಡಕ್ಕೆ ಬಂತು.

ಮತ್ತೆ ಕಾರವಾರದ ಬಂಡೆಗಳ ಪ್ರಶ್ನೆಗೆ ಬರೋಣ. ಮೋಡದ ತೊಡಕು ಈಗಿಲ್ಲ, ಗಾಳಿಯ ತೊಡಕು ಇದೆ. ಜೂನ್, ಜುಲೈ ತಿಂಗಳಲ್ಲಿ ಅರಬ್ಬಿ ಸಮುದ್ರದ ನಡುವೆ ಮುಂಗಾರು ಗಾಳಿ ಸೆಕೆಂಡಿಗೆ 12 ಮೀಟರ್ ದಾಟುವುದು ಸಾಮಾನ್ಯ. ರಾಡಾರಿಗೆ ಮಚ್ಚೆ ಕಾಣಬಹುದಾದ ಹದದ ಮೇಲಂಚು ಅದು. ದಡದ ಹತ್ತಿರ ಗಾಳಿ ತುಸು ಇಳಿದ ದಿನ, ಅದೇ ಹೊತ್ತಿಗೆ ಉಪಗ್ರಹವೂ ಮೇಲೆ ಬಂದರೆ, ಚಿತ್ರ ಸಿಕ್ಕೀತು. ಬಾರದಿದ್ದರೆ ಕಾವಲು ಪಡೆಯ ಡಾರ್ನಿಯರ್ ವಿಮಾನ, ಮೀನುಗಾರರ ಫೋನ್ ಕರೆ. ಅದೇ ಗಾಳಿ ಮತ್ತು ಅದರ ಹಿಂದಿನ ತಿಂಗಳುಗಳ ಪ್ರವಾಹ, ಎಲ್ಲೋ ಹಡಗೊಂದು ತೊಳೆದು ಚೆಲ್ಲಿದ ಜಿಡ್ಡನ್ನು ಉರುಟಿ ಉರುಟಿ ಡಾಂಬರಿನ ಉಂಡೆ ಮಾಡಿ ವರ್ಷವೂ ಗೋವಾ ಮತ್ತು ಅದರ ಆಚೀಚಿನ ತೀರಗಳಿಗೆ ತಂದು ಹಾಕುತ್ತದೆ. ದೋನಾ ಪಾವ್ಲಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಆ ಉಂಡೆಗಳನ್ನು ಆಯ್ದು, ಎಣ್ಣೆಯ ರಾಸಾಯನಿಕ ಬೆರಳಚ್ಚು ತೆಗೆದು, ಇದು ಟ್ಯಾಂಕರ್ ತೊಳೆದದ್ದೋ ಬಾಂಬೆ ಹೈ ಬಾವಿಯದೋ ಎಂದು ಹೋಲಿಸಿ ನೋಡುತ್ತಾರೆ. ಆಕಾಶದಿಂದ ಹಿಡಿಯಲಾಗದ ಹಡಗನ್ನು ಮರಳಿನಲ್ಲಿ ಸಿಕ್ಕ ಉಂಡೆಯಿಂದ ಹಿಂದಕ್ಕೆ ಹುಡುಕುವ ಕೆಲಸ ಅದು. ಉಂಡೆ ದಡ ಸೇರುವ ಹೊತ್ತಿಗೆ ಹಡಗು ಬಂದರು ಬದಲಿಸಿರುತ್ತದೆ, ಕೆಲವೊಮ್ಮೆ ಬಾವುಟವನ್ನೂ.